ಬೆಂಗಳೂರಿನಲ್ಲಿ ಕೈತಪ್ಪಿದ ಕುರ್ಚಿ

(ಮಂಡ್ಯ, ಮದ್ದೂರು, ಮಳವಳ್ಳಿಯ ವಿದ್ಯಾರ್ಥಿ ನಿಲಯಗಳಲ್ಲಿ ಮೂರು ಸಂಜೆ ಆಡಿದ ಮಾತು. ಗೆಳೆಯರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿ ಬರೆದುಕೊಟ್ಟಿದ್ದೇವೆ.)

ಗೆಳೆಯರೇ,

ಪರೀಕ್ಷೆಗೆ ಅಂತ ನೀವೆಲ್ಲಾ ರಾಷ್ಟ್ರಪತಿಗಳ ಪಟ್ಟಿ ಬಾಯಿಪಾಠ ಮಾಡ್ತೀರಿ. ರಾಜೇಂದ್ರ ಪ್ರಸಾದ್, ರಾಧಾಕೃಷ್ಣನ್, ಝಾಕಿರ್ ಹುಸೇನ್, ಗಿರಿ, ಫಕ್ರುದ್ದೀನ್ ಅಲಿ ಅಹ್ಮದ್, ಸಂಜೀವ ರೆಡ್ಡಿ, ಜೈಲ್ ಸಿಂಗ್, ವೆಂಕಟರಾಮನ್, ಶಂಕರ ದಯಾಳ ಶರ್ಮ. ಒಂಬತ್ತು ಹೆಸರಾಯಿತು. ಹತ್ತನೆಯ ಹೆಸರು ಕೆ.ಆರ್. ನಾರಾಯಣನ್. ಅದು 1997. ದೇಶ ಗಣರಾಜ್ಯವಾಗಿ 47 ವರ್ಷ ಆದ ಮೇಲೆ ನಮ್ಮ ಕೇರಿಯಂಥ ಕೇರಿಯಲ್ಲಿ ಹುಟ್ಟಿದ ಒಬ್ಬ ಮನುಷ್ಯ ಆ ಮನೆಯ ಮೆಟ್ಟಿಲು ಹತ್ತಿದ.

ಮಂಡ್ಯದಲ್ಲಿ ಒಬ್ಬ ತಮ್ಮ ಎದ್ದು ಕೇಳಿದ: 'ಅಣ್ಣ, ಅದಕ್ಕೂ ಮುಂಚೆ ನಮ್ಮೋರು ಯಾರೂ ಹತ್ರಕ್ಕೂ ಹೋಗಿರ್ಲಿಲ್ವಾ?'

ಹೋಗಿದ್ದರು ತಮ್ಮಾ. ಹತ್ತಿರ ಅಂದರೆ ಬಲು ಹತ್ತಿರ. ಅದು ನಡೆದದ್ದು ದಿಲ್ಲಿಯಲ್ಲೂ ಅಲ್ಲ. ಇಲ್ಲಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, 1969ರ ಜುಲೈ ತಿಂಗಳಲ್ಲಿ. ಆವತ್ತು ಎಂಟು ಜನ ಕೂತ ಒಂದು ಸಭೆಯಲ್ಲಿ ಎರಡು ವೋಟು ಈ ಕಡೆಗೆ ಬಂದಿದ್ದರೆ ಪಟ್ಟಿಯ ನಾಲ್ಕನೇ ಹೆಸರು ಬೇರೆಯಾಗುತ್ತಿತ್ತು. ಈ ಮಾತನ್ನು ನಮ್ಮ ಪಠ್ಯಪುಸ್ತಕಗಳು ಹೇಳಲಿಲ್ಲ. ಅದಕ್ಕೇ ನಾವು ಹೇಳೋಣ ಅಂತ ಬಂದಿದ್ದೇವೆ.

'ಹಾಗಾಗಿದ್ದರೆ' ಅನ್ನುವ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಆಡುತ್ತಿರಲಿಲ್ಲ. 'ಅತ್ತೆಗೆ ಮೀಸೆ ಬಂದಿದ್ದರೆ' ಅಂತ ನಕ್ಕುಬಿಡುತ್ತಿದ್ದರು. ನಾವು ನಗುವುದಕ್ಕೂ ಕೂತಿಲ್ಲ, ಅಳುವುದಕ್ಕೂ ಕೂತಿಲ್ಲ. ಲೆಕ್ಕ ಹಾಕುವುದಕ್ಕೆ ಕೂತಿದ್ದೇವೆ. ಒಂದು ಕುರ್ಚಿ ನಮಗೆ ಬಂದಿದ್ದರೆ ಏನು ಸಿಗುತ್ತಿತ್ತು, ಏನು ಕಳೆಯುತ್ತಿತ್ತು? ಇದು ದೇಶದ ಲೆಕ್ಕ ಹೌದು, ನಮ್ಮ ಪಂಚಾಯಿತಿಯ ಲೆಕ್ಕವೂ ಹೌದು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ನಡೆದದ್ದನ್ನು ನಡೆದ ಹಾಗೆ ನೋಡೋಣ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಹಾಗಾದರೆ ಮುಂದೆ ಯಾರು? ಸಂವಿಧಾನದ 65ನೇ ವಿಧಿ ಹೇಳುತ್ತದೆ: ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳಬೇಕು. 62ನೇ ವಿಧಿ ಹೇಳುತ್ತದೆ: ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಅದರಂತೆ ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿಯವರೂ ಬಿಟ್ಟರೆ ಯಾರು? ಆ ಪ್ರಶ್ನೆಗೆ ಸಂವಿಧಾನದಲ್ಲಿ ನೇರ ಉತ್ತರ ಇರಲಿಲ್ಲ. ಅದಕ್ಕಾಗಿ ಪಾರ್ಲಿಮೆಂಟು ಅದೇ ಮೇ ತಿಂಗಳಲ್ಲಿ ಒಂದು ಕಾಯ್ದೆ ಮಾಡಿತು. ಅಂಥ ವೇಳೆಯಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರು ಕೂರಬೇಕು ಅಂತ ಆಯಿತು.

ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಸಮಿತಿ ಸೇರಿತು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮವರೇ, ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷದ ಹುರಿಯಾಳು ಯಾರು ಅಂತ ತೀರ್ಮಾನ ಮಾಡಬೇಕಾದದ್ದು ಪಾರ್ಲಿಮೆಂಟರಿ ಬೋರ್ಡು. ಜುಲೈ 12ರಂದು ಬೋರ್ಡು ಕೂತಿತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನರಾಮ್ ಹೆಸರು ಇಟ್ಟರು. ಅದು ಗಾಂಧಿ ಹುಟ್ಟಿದ ನೂರನೇ ವರ್ಷ. ಈ ವರ್ಷ ಒಬ್ಬ ಹರಿಜನ ರಾಷ್ಟ್ರಪತಿಯಾಗಲಿ ಅಂತ ಅವರ ವಾದ. ಹರಿಜನ ಅನ್ನುವುದು ಅವರ ಪದ, ನಮ್ಮದಲ್ಲ.

ಇಂದಿರಾ ಗಾಂಧಿ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಜಗಜೀವನರಾಮ್ ಕಡೆ. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್.ಕೆ. ಪಾಟೀಲ್, ವೈ.ಬಿ. ಚವಾಣ್ ಈ ನಾಲ್ವರು ನೀಲಂ ಸಂಜೀವ ರೆಡ್ಡಿ ಕಡೆ. ಜಗಜೀವನರಾಮ್ ತಮ್ಮ ಹೆಸರೇ ಇದ್ದುದರಿಂದ ವೋಟು ಹಾಕಲಿಲ್ಲ. ಅಧ್ಯಕ್ಷರಾದ ನಿಜಲಿಂಗಪ್ಪನವರೂ ಹಾಕಲಿಲ್ಲ. ನಾಲ್ಕಕ್ಕೆ ಎರಡು. ಮುಗೀತು.

ಈಗ ನೀವೇ ಲೆಕ್ಕ ಹಾಕಿ. ಚವಾಣರ ಒಂದು ವೋಟು ಈ ಕಡೆ ಬಂದಿದ್ದರೆ ಮೂರಕ್ಕೆ ಮೂರು. ಆಗ ತೀರ್ಮಾನ ಅಧ್ಯಕ್ಷರ ಕೈಗೆ ಬರುತ್ತಿತ್ತು. ಅಂದರೆ ಕರ್ನಾಟಕದ ಒಬ್ಬ ಮನುಷ್ಯನ ಕೈಗೆ, ಕರ್ನಾಟಕದ ನೆಲದ ಮೇಲೆ.

ಆಮೇಲೆ ಆದದ್ದು ಬೇಗ ಬೇಗ ಆಯಿತು. ಗಿರಿ ತಾವೇ ಸ್ವತಂತ್ರವಾಗಿ ನಿಲ್ಲುತ್ತೇನೆ ಅಂದರು. ಜುಲೈ 16ಕ್ಕೆ ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮಾರನೇ ದಿನ ಅವರು ರಾಜೀನಾಮೆ ಕೊಟ್ಟರು. ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಆ ಕುರ್ಚಿಯಲ್ಲಿ ಒಂದು ತಿಂಗಳ ಮೇಲೆ ನಾಲ್ಕಾರು ದಿನ ಕೂತರು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಇಂದಿರಾ ಗಾಂಧಿ, ಆತ್ಮಸಾಕ್ಷಿಗೆ ತಕ್ಕಂತೆ ವೋಟು ಹಾಕಿ ಅಂದುಬಿಟ್ಟರು. ಆಗಸ್ಟ್ 16ಕ್ಕೆ ಮತದಾನ. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಯಾರಿಗೂ ಅರ್ಧದ ಮೇಲೆ ಬರಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದಾಗ ಗಿರಿ 4,20,077, ರೆಡ್ಡಿ 4,05,427. ಗಿರಿ ಗೆದ್ದರು. ಕಾಂಗ್ರೆಸ್ಸು ಒಡೆಯಿತು. ನವೆಂಬರಿನಲ್ಲಿ ನಿಜಲಿಂಗಪ್ಪ ಇಂದಿರಾ ಗಾಂಧಿಯನ್ನು ಪಕ್ಷದಿಂದ ಹೊರಗೆ ಹಾಕಿದರು. ಡಿಸೆಂಬರಿನಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಜಗಜೀವನರಾಮ್ ಅಧ್ಯಕ್ಷರಾದರು.

ಒಂದು ಮಾತು ಗಮನಿಸಿ. ಬೋರ್ಡಿನಲ್ಲಿ ಸೋತ ಮೇಲೆ ಇಂದಿರಾ ಗಾಂಧಿ ಜಗಜೀವನರಾಮ್‌ಗಾಗಿ ಹೋರಾಡಲಿಲ್ಲ. ಗಿರಿಯವರಿಗಾಗಿ ಹೋರಾಡಿದರು. ನಮ್ಮ ಹೆಸರು ಪಗಡೆಯ ಕಾಯಿಯ ಹಾಗೆ ಹಾಸಿನ ಮೇಲೆ ಬಂತು, ಒಂದು ಗರ ಬಿತ್ತು, ಕಾಯಿ ಎತ್ತಿಟ್ಟರು.

ಇದಕ್ಕೂ 22 ವರ್ಷ ಹಿಂದೆ, 1947ರ ಜೂನಿನಲ್ಲಿ, ದಿಲ್ಲಿಯ ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿ ಒಂದು ಮಾತು ಆಡಿದ್ದರು. ಆಂಧ್ರದ ಚಕ್ರಯ್ಯ ಅನ್ನುವ ದಲಿತ ತರುಣ ಆಶ್ರಮದಲ್ಲಿದ್ದು ತೀರಿಕೊಂಡಿದ್ದ. ಅವನು ಬದುಕಿದ್ದರೆ ಮೊದಲ ರಾಷ್ಟ್ರಪತಿ ಸ್ಥಾನಕ್ಕೆ ಅವನ ಹೆಸರು ಹೇಳುತ್ತಿದ್ದೆ, ಇಲ್ಲವೇ ಒಬ್ಬ ಧೈರ್ಯದ ಭಂಗಿ ಹುಡುಗಿ ಆ ಸ್ಥಾನದಲ್ಲಿ ಕೂರಲಿ ಎಂಬ ಅರ್ಥದ ಮಾತು ಅದು. ಆಸೆ ಒಳ್ಳೆಯದೇ. ಆದರೆ ಆ ಮಾತನ್ನು ಕೇಳಿಸಿಕೊಂಡವರೆಲ್ಲಾ ಆಮೇಲೆ ಮಂತ್ರಿಗಳಾದರು, ರಾಜ್ಯಪಾಲರಾದರು, ಮಾತು ಮಾತ್ರ ಪ್ರಾರ್ಥನಾ ಸಭೆಯಲ್ಲೇ ಕೂತಿತ್ತು. ಅದು ಎದ್ದು ಬಂದದ್ದು 1969ರಲ್ಲಿ, ಅದೂ ಪಕ್ಷದೊಳಗಿನ ಜಗಳ ತೀರಿಸಿಕೊಳ್ಳುವುದಕ್ಕೆ.

ಈಗ ಆ ಮನುಷ್ಯನ ಬಗ್ಗೆ ಎರಡು ಮಾತು. ಜಗಜೀವನರಾಮ್ ಹುಟ್ಟಿದ್ದು 1908ರ ಏಪ್ರಿಲ್ 5ರಂದು, ಬಿಹಾರದ ಚಂದ್ವಾ ಅನ್ನುವ ಹಳ್ಳಿಯಲ್ಲಿ. ಆರಾ ಊರಿನ ಶಾಲೆಯಲ್ಲಿ ಕುಡಿಯುವ ನೀರಿಗೆ ಹಿಂದೂ ಮಡಕೆ, ಮುಸ್ಲಿಂ ಮಡಕೆ ಅಂತ ಇದ್ದವು. ಇವರು ನೀರು ಮುಟ್ಟಿದ ಮೇಲೆ ಮೂರನೇ ಮಡಕೆ ಬಂತು. ಹುಡುಗ ಅದನ್ನು ಒಡೆದ. ಮತ್ತೆ ತಂದಿಟ್ಟರು, ಮತ್ತೆ ಒಡೆದ. ಕೊನೆಗೆ ಮೂರನೇ ಮಡಕೆ ಹೋಯಿತು. ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಓದಲು ಹೋದಾಗ ಹಾಸ್ಟೆಲಿನ ಮೆಸ್ಸಿನಲ್ಲಿ ಬಡಿಸುವವರು ಬಡಿಸಲು ಒಪ್ಪಲಿಲ್ಲ. ಊರಿನ ಕ್ಷೌರಿಕ ಕೂದಲು ಕತ್ತರಿಸಲಿಲ್ಲ. ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ದಾರಿ ಬೇರೆ, ಬಾಬಾಸಾಹೇಬರ ದಾರಿ ಬೇರೆ. ಅವರು ಕಾಂಗ್ರೆಸ್ಸಿನೊಳಗೇ ಉಳಿದು ಮೇಲೆ ಬಂದವರು. ಬಾಬಾಸಾಹೇಬರು ಹೊರಗೆ ನಿಂತು ಪ್ರಶ್ನೆ ಮಾಡಿದವರು. ನಾವು ಪ್ರಶ್ನೆ ಮಾಡುವ ದಾರಿಯವರು. ಆದರೂ ಒಂದು ಮಾತು. ಹಾಸ್ಟೆಲಿನ ಗೋಡೆಯ ಮೇಲೆ ಎರಡು ಫೋಟೊ ಇವೆ. ಇದು ಎಡಗೈಯವರದು, ಇದು ಬಲಗೈಯವರದು ಅಂತ ಫೋಟೊ ಹಂಚಿಕೊಳ್ಳುವುದನ್ನು ದಯಮಾಡಿ ನಿಲ್ಲಿಸಿ. ಮಡಕೆ ಒಡೆದ ಹುಡುಗ ಎಲ್ಲರಿಗೂ ಸೇರಿದವನು. ತಪ್ಪು ಮಾಡಿದಾಗ ಅವನನ್ನು ಪ್ರಶ್ನೆ ಮಾಡುವ ಹಕ್ಕೂ ಎಲ್ಲರದು.

ಈಗ 'ಹಾಗಾಗಿದ್ದರೆ' ಅನ್ನುವ ಕಡೆಗೆ ಬರೋಣ. ಜುಲೈ 12ರಂದು ಬೋರ್ಡು ಜಗಜೀವನರಾಮ್ ಹೆಸರನ್ನು ಒಪ್ಪಿತು ಅಂತಿಟ್ಟುಕೊಳ್ಳಿ. ಒಡೆಯದ ಕಾಂಗ್ರೆಸ್ಸಿನ ವೋಟುಗಳು ಒಟ್ಟಿಗೆ ಬಿದ್ದಿದ್ದರೆ ಗೆಲುವು ಕಷ್ಟವಿರಲಿಲ್ಲ. 1969ರ ಆಗಸ್ಟ್ 24ರಂದು ಪ್ರಮಾಣ ವಚನ. ಆ ಫೋಟೊ ಅಂಚೆ ಕಛೇರಿ, ತಾಲ್ಲೂಕು ಕಛೇರಿ, ಪೊಲೀಸ್ ಠಾಣೆಯ ಗೋಡೆಗೆ ಬರುತ್ತಿತ್ತು. ಮಂಡ್ಯದ ತಾಲ್ಲೂಕು ಕಛೇರಿಯ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ ನಮ್ಮ ಅಪ್ಪಂದಿರು ತಲೆ ಎತ್ತಿ ನೋಡಿದರೆ, ಗೋಡೆಯ ಮೇಲೆ ತಮ್ಮಂಥವನೇ ಒಬ್ಬ. ಗುಮಾಸ್ತ ಗದರುವುದಕ್ಕೆ ಮುಂಚೆ ಒಂದು ಗಳಿಗೆ ಯೋಚನೆ ಮಾಡುತ್ತಿದ್ದನೋ ಏನೋ. ಇದು ಸಣ್ಣದು ಅಂತ ನಾವು ಹೇಳುವುದಿಲ್ಲ. ನೋಡುವ ಕಣ್ಣು ಬದಲಾಗುವುದು ಸಣ್ಣ ಕೆಲಸ ಅಲ್ಲ. 28 ವರ್ಷ ಮೊದಲೇ ಅದು ಆಗಬಹುದಿತ್ತು.

ಇದು ಸಿಗುತ್ತಿದ್ದ ಲೆಕ್ಕ. ಕಳೆಯುತ್ತಿದ್ದ ಲೆಕ್ಕ ಬೇರೆ ಇದೆ. ಅದನ್ನು ಮದ್ದೂರಿನಲ್ಲಿ ಹೇಳಿದಾಗ ಹುಡುಗರು ಒಪ್ಪಲಿಲ್ಲ, ಅರ್ಧ ಗಂಟೆ ಜಗಳ ಆಯಿತು. ಒಳ್ಳೆಯ ಜಗಳ. ಅದನ್ನೂ ಬರೆಯುತ್ತೇವೆ.

ಬೋರ್ಡಿನಲ್ಲಿ ಇಂದಿರಾ ಗಾಂಧಿ ಗೆದ್ದಿದ್ದರೆ ಕಾಂಗ್ರೆಸ್ಸು ಆ ವರ್ಷ ಒಡೆಯುವ ಕಾರಣ ಇರುತ್ತಿರಲಿಲ್ಲ. ಒಡೆಯದಿದ್ದರೆ ನಮ್ಮ ರಾಜ್ಯದಲ್ಲಿ ಏನಾಗುತ್ತಿತ್ತು? ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್, ನಿಜಲಿಂಗಪ್ಪನವರ ಕಡೆಯವರು. ಕಾಂಗ್ರೆಸ್ಸು ಒಡೆದದ್ದರಿಂದಲೇ 1971ರ ಮಾರ್ಚಿನಲ್ಲಿ ಆ ಸರಕಾರ ಬಿತ್ತು. ಒಡೆದದ್ದರಿಂದಲೇ ದೇವರಾಜ ಅರಸು ಮೇಲೆ ಬಂದು 1972ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಅರಸು ಬಂದದ್ದರಿಂದ ಹಾವನೂರು ಆಯೋಗ ಬಂತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು, ಸರಕಾರ ಕೊಟ್ಟ ನಮ್ಮವರ ಜಮೀನು ಕೈಬಿಟ್ಟು ಹೋದರೆ ವಾಪಸ್ಸು ಕೇಳುವ ದಾರಿ ಆಯಿತು. ಅರಸು ಮಂತ್ರಿ ಮಂಡಲದಲ್ಲಿ ಬಸವಲಿಂಗಪ್ಪನವರು ಬಂದರು, ತಲೆಯ ಮೇಲೆ ಮಲ ಹೊರುವುದು ನಿಲ್ಲಬೇಕು ಅಂದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ ಒಂದು ಮಾತು ಬೂಸಾ ಗಲಾಟೆ ಆಯಿತು. ಮೇಲ್ಜಾತಿ ಹುಡುಗರು ಬೀದಿಗೆ ಬಂದರು, ನಮ್ಮ ಹುಡುಗರು ಹಾಸ್ಟೆಲುಗಳಿಂದ ಎದುರು ನಿಂತರು. ದಲಿತ ಚಳವಳಿ ಎದ್ದದ್ದು ಆ ಹಾಸ್ಟೆಲುಗಳಿಂದ. ಇಂಥವೇ ಕೋಣೆಗಳು, ಇಂಥವೇ ತಟ್ಟೆಗಳು.

ಅಂದರೆ ನೋಡಿ: ದಿಲ್ಲಿಯಲ್ಲಿ ಆ ಒಂದು ಕುರ್ಚಿ ಸಿಕ್ಕಿದ್ದರೆ ಬೆಂಗಳೂರಿನಲ್ಲಿ ಈ ಬಾಗಿಲು ತೆರೆಯುತ್ತಿತ್ತೋ ಇಲ್ಲವೋ.

ಮದ್ದೂರಿನ ತಮ್ಮ ಒಬ್ಬ ಎದ್ದ: 'ಹಂಗಂದ್ರೆ ನಾವು ಸೋತಿದ್ದೇ ಒಳ್ಳೇದಾಯ್ತು ಅಂತೀರಾ ಅಣ್ಣ? ನಾವು ಯಾವಾಗ್ಲೂ ಸೋತು ಸೋತೇ ಒಳ್ಳೇದು ಕಾಣ್ಬೇಕಾ?'

ಮಾತು ನಾಟಿತು. ಅವನು ಹೇಳಿದ್ದು ಸರಿ. ಸೋಲು ಒಳ್ಳೆಯದು ಅಂತ ನಾವು ಹೇಳುತ್ತಿಲ್ಲ. ಮೇಲಿನವರ ಜಗಳದ ಸಂದಿಯಲ್ಲಿ ನಮಗೆ ದಾರಿ ಸಿಕ್ಕಿತು, ಅದು ಅವರು ಕೊಟ್ಟದ್ದಲ್ಲ ಅಂತ ಹೇಳುತ್ತಿದ್ದೇವೆ. ಆ ದಾರಿಯಲ್ಲೂ ಎಲ್ಲ ಸಿಗಲಿಲ್ಲ. ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಹಾಕಿದ ಗೇಣಿದಾರನಿಗೆ ಗದ್ದೆ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವನ ಕೈಗೆ ಬಂದದ್ದು ಕಡಮೆ. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಕಬ್ಬು ಕಡಿಯುವವನು ಯಾರು, ಕಬ್ಬಿನ ದುಡ್ಡು ಎಣಿಸುವವನು ಯಾರು, ನಿಮ್ಮ ಊರಲ್ಲೇ ನೋಡಿಕೊಳ್ಳಿ.

ಇನ್ನೊಂದು ಲೆಕ್ಕ. 1969ರಲ್ಲಿ ರಾಷ್ಟ್ರಪತಿಯಾಗಿದ್ದರೆ ಜಗಜೀವನರಾಮ್‌ಗೆ ಆಗ 61 ವರ್ಷ. 1974ಕ್ಕೆ ಅವಧಿ ಮುಗಿದು, ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರು. 1971ರ ಯುದ್ಧದಲ್ಲಿ ರಕ್ಷಣಾ ಮಂತ್ರಿ ಅವರಾಗಿರುತ್ತಿರಲಿಲ್ಲ. 1977ರ ಫೆಬ್ರವರಿ 2ರಂದು ಕಾಂಗ್ರೆಸ್ಸು ಬಿಟ್ಟು ಹೊರಬಂದು ಇಂದಿರಾ ಗಾಂಧಿಯ ಸೋಲಿಗೆ ಬಾಗಿಲು ತೆರೆದವರೂ ಅವರಾಗಿರುತ್ತಿರಲಿಲ್ಲ. ಬಾಬಾಸಾಹೇಬರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕರಡು ಮಂಡಿಸಿದಾಗಲೇ ಬಿಡಿಸಿ ಹೇಳಿದ್ದರು: ನಮ್ಮ ರಾಷ್ಟ್ರಪತಿ ಇಂಗ್ಲೆಂಡಿನ ರಾಜನಂತೆ, ರಾಷ್ಟ್ರದ ತಲೆ ಅವನು, ಆಳುವವನು ಅವನಲ್ಲ. ಆಳುವುದು ಮಂತ್ರಿಮಂಡಲ. ಹಾಗಾದರೆ ಮೇಲಿನವರಿಗೆ ನಮ್ಮವನನ್ನು ಆ ಕುರ್ಚಿಯಲ್ಲಿ ಕೂರಿಸುವುದು ಸುಲಭ. ಬೀಗದ ಕೈ ಇರುವ ಕುರ್ಚಿಯಲ್ಲಿ ಕೂರಿಸುವುದು ಕಷ್ಟ.

ಅದು ಎಷ್ಟು ಕಷ್ಟ ಅಂತ 1977ರಲ್ಲೂ 1979ರಲ್ಲೂ ಕಂಡೆವು.

1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಮತ್ತೆ ಅದೇ 65ನೇ ವಿಧಿ. ಈ ಸಲ ಹಂಗಾಮಿ ರಾಷ್ಟ್ರಪತಿಯಾದವರು ನಮ್ಮ ರಾಜ್ಯದ ಬಿ.ಡಿ. ಜತ್ತಿ, ಜಮಖಂಡಿ ಸೀಮೆಯವರು, ಹಿಂದೆ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು. ಮಾರ್ಚಿನಲ್ಲಿ ಕಾಂಗ್ರೆಸ್ಸು ಸೋತಿತು. ಪ್ರಧಾನಿ ಯಾರು? ಜಗಜೀವನರಾಮ್ ಹೆಸರಿತ್ತು. ಮಾರ್ಚ್ 24ರಂದು ಜತ್ತಿಯವರು ಪ್ರಮಾಣ ವಚನ ಬೋಧಿಸಿದ್ದು ಮೊರಾರ್ಜಿ ದೇಸಾಯಿಗೆ. ಬೆಂಗಳೂರಿನ ಬೋರ್ಡಿನಲ್ಲಿ ರೆಡ್ಡಿ ಕಡೆ ಕೈ ಎತ್ತಿದ್ದ ಅದೇ ಮೊರಾರ್ಜಿ. ಜುಲೈ 25ರಂದು ರಾಷ್ಟ್ರಪತಿಯಾದವರು ಯಾರು? ನೀಲಂ ಸಂಜೀವ ರೆಡ್ಡಿ, ಅವಿರೋಧವಾಗಿ.

1979ರ ಜುಲೈನಲ್ಲಿ ಮೊರಾರ್ಜಿ ರಾಜೀನಾಮೆ ಕೊಟ್ಟರು. ರಾಷ್ಟ್ರಪತಿ ರೆಡ್ಡಿ ಚರಣ್ ಸಿಂಗ್ ಅವರನ್ನು ಕರೆದರು. ಚರಣ್ ಸಿಂಗ್ ಲೋಕಸಭೆಗೆ ಮುಖ ತೋರಿಸದೆ ಆಗಸ್ಟ್ 20ಕ್ಕೆ ಇಳಿದರು. ಆಗ ಜನತಾ ಪಕ್ಷದ ನಾಯಕ ಜಗಜೀವನರಾಮ್. ನನಗೆ ಬಲ ಇದೆ, ಕರೆಯಿರಿ ಅಂತ ಕೇಳಿದರು. ರೆಡ್ಡಿಯವರು ಕರೆಯಲಿಲ್ಲ. ಆಗಸ್ಟ್ 22ಕ್ಕೆ ಲೋಕಸಭೆ ವಿಸರ್ಜನೆ ಆಯಿತು. ಸ್ಥಿರ ಸರಕಾರ ಆಗುವುದಿಲ್ಲ, ಚುನಾವಣೆಯೇ ದಾರಿ ಅನ್ನುವುದು ರಾಷ್ಟ್ರಪತಿಗಳ ಸಮರ್ಥನೆ. ಒಬ್ಬ ಮನುಷ್ಯನ ಮನಸ್ಸನ್ನು ಅಳೆಯುವುದು ನಮ್ಮ ಕೆಲಸ ಅಲ್ಲ. ಲೆಕ್ಕ ಮಾತ್ರ ಇಡುತ್ತೇವೆ: ಚರಣ್ ಸಿಂಗರಿಗೆ ಬಲ ತೋರಿಸಲು ಅವಕಾಶ ಸಿಕ್ಕಿತು, ಜಗಜೀವನರಾಮ್‌ಗೆ ಸಿಗಲಿಲ್ಲ. ಬೆಂಗಳೂರಿನಲ್ಲಿ ಎದುರುಬದುರಾದ ಎರಡು ಹೆಸರು ಹತ್ತು ವರ್ಷದ ಮೇಲೆ ದಿಲ್ಲಿಯಲ್ಲಿ ಮತ್ತೆ ಎದುರಾದವು. ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಬಾಗಿಲಲ್ಲಿ.

ಇದರ ನಡುವೆ ಒಂದು ಘಟನೆ ಮರೆಯಬೇಡಿ. 1978ರ ಜನವರಿ. ಅವರು ದೇಶದ ರಕ್ಷಣಾ ಮಂತ್ರಿ. ಕಾಶಿಯಲ್ಲಿ ಸಂಪೂರ್ಣಾನಂದರ ಪ್ರತಿಮೆಯ ಪರದೆ ಸರಿಸಿ ಬಂದರು. ಅವರು ಹೋದ ಮೇಲೆ ಕೆಲವು ಮೇಲ್ಜಾತಿ ಹುಡುಗರು ಆ ಪ್ರತಿಮೆಯನ್ನು ಗಂಗಾಜಲದಲ್ಲಿ ತೊಳೆದರು. ಸೈನ್ಯವೆಲ್ಲಾ ಅವರ ಖಾತೆಯ ಕೆಳಗಿತ್ತು. ಆದರೂ ಅವರ ಕೈ ಮುಟ್ಟಿದ ಕಲ್ಲು ಮೈಲಿಗೆ. ಕುರ್ಚಿ ಬಂದರೆ ಜಾತಿ ಹೋಗುತ್ತದೆ ಅನ್ನುವವರು ಕಾಶಿಯ ಆ ಕಲ್ಲನ್ನು ಕೇಳಲಿ.

'ಬಾಬೂಜಿ ರಾಷ್ಟ್ರಪತಿ ಆಗಿದ್ದಿದ್ರೆ ಎಮರ್ಜೆನ್ಸಿಗೆ ಸೈನು ಹಾಕ್ತಿರ್ಲಿಲ್ಲ ಅಲ್ವಾ ಅಣ್ಣ?' ಇದು ಮಳವಳ್ಳಿಯ ಪ್ರಶ್ನೆ.

ನಮ್ಮವರು ಅಂತ ಸುಳ್ಳು ಹೇಳಬಾರದು. ಮೊದಲನೆಯದು, 1969ರಲ್ಲಿ ಕೂತವರ ಅವಧಿ 1974ಕ್ಕೇ ಮುಗಿಯುತ್ತಿತ್ತು. ಎರಡನೆಯದು, 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಮಂತ್ರಿಮಂಡಲ ಕೂತದ್ದು ಮಾರನೇ ಬೆಳಿಗ್ಗೆ. ಆ ಮಂತ್ರಿಮಂಡಲದಲ್ಲಿ ಜಗಜೀವನರಾಮ್ ಇದ್ದರು. ಜುಲೈನಲ್ಲಿ ಲೋಕಸಭೆಯ ಮುಂದೆ ತುರ್ತು ಪರಿಸ್ಥಿತಿಗೆ ಒಪ್ಪಿಗೆ ಕೇಳುವ ನಿರ್ಣಯ ಮಂಡಿಸಿದವರೂ ಅವರೇ. ಅದೇ ಫಕ್ರುದ್ದೀನ್ ಅಲಿ ಅಹ್ಮದರ ಲೇಖನಿ ಅದೇ ವರ್ಷ ಅಕ್ಟೋಬರಿನಲ್ಲಿ ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆಗೂ ಸಹಿ ಹಾಕಿತು. ಲೇಖನಿ ಒಂದೇ. ಒಂದು ಸಹಿ ಜನರ ಬಾಯಿ ಕಟ್ಟಿತು, ಇನ್ನೊಂದು ಸಹಿ ನಮ್ಮ ಜೀತದಾಳಿನ ಕಾಲು ಬಿಚ್ಚಿತು. ಎರಡನ್ನೂ ಬರೆದುಕೊಟ್ಟವರು ಬೇರೆ. ಅದಕ್ಕೇ ನಾವು ಕೇಳಬೇಕಾದ ಪ್ರಶ್ನೆ ಎರಡು: ಸಹಿ ಹಾಕುವ ಕೈ ಯಾರದು? ಅದು ಓದಿ ಹಾಕುವ ಕೈಯೋ, ಒತ್ತಿಸಿಕೊಳ್ಳುವ ಹೆಬ್ಬೆಟ್ಟೋ?

ಹಂಗಾಮಿ ಜತ್ತಿಯವರ ಕೈಯೂ ಒಂದು ದಿನ ತಡೆದಿತ್ತು. 1977ರ ಏಪ್ರಿಲಿನಲ್ಲಿ ಜನತಾ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆ ಮಾಡಿ ಅಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ. ಕೊನೆಗೆ ಹಾಕಿದರು. ಹಾಕಲೇಬೇಕಿತ್ತು, 1976ರ 42ನೇ ತಿದ್ದುಪಡಿ ಅದನ್ನು ಕಟ್ಟುನಿಟ್ಟು ಮಾಡಿತ್ತು. ಆಮೇಲೆ 1978ರ 44ನೇ ತಿದ್ದುಪಡಿ ಒಂದು ಸಣ್ಣ ಕಿಟಕಿ ತೆರೆಯಿತು: ರಾಷ್ಟ್ರಪತಿ ಒಂದು ಸಲ ಕಡತವನ್ನು 'ಮತ್ತೆ ಯೋಚಿಸಿ' ಅಂತ ವಾಪಸ್ಸು ಕಳಿಸಬಹುದು. ಎರಡನೇ ಸಲ ಬಂದರೆ ಒಪ್ಪಬೇಕು.

ಆ ಕಿಟಕಿಯನ್ನು ಬಳಸಿದವರು ನಾರಾಯಣನ್. ಕೇರಳದ ಉಳವೂರಿನ ಗುಡಿಸಲಿನಲ್ಲಿ ಹುಟ್ಟಿ, ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು. 1997ರ ಅಕ್ಟೋಬರಿನಲ್ಲಿ ಗುಜ್ರಾಲ್ ಸರಕಾರ ಉತ್ತರ ಪ್ರದೇಶದ ಸರಕಾರವನ್ನು ಕಿತ್ತುಹಾಕಲು ಕಡತ ಕಳಿಸಿತು. ವಾಪಸ್ಸು ಕಳಿಸಿದರು. 1998ರಲ್ಲಿ ವಾಜಪೇಯಿ ಸರಕಾರ ಬಿಹಾರದ ಕಡತ ಕಳಿಸಿತು. ಅದನ್ನೂ ವಾಪಸ್ಸು ಕಳಿಸಿದರು. ಎರಡು ಪಕ್ಷ, ಎರಡು ಕಡತ, ಒಂದೇ ನಿಯಮ. ಎರಡು ಸಲವೂ ಮಂತ್ರಿಮಂಡಲ ಆಗ ಹಿಂದೆ ಸರಿಯಿತು. ನಮ್ಮವನು ಕೂತದ್ದು ಒಂದು ಸಂತೋಷ. ನಮ್ಮವನು ಓದಿ ಸಹಿ ಹಾಕಿದ್ದು ಅದಕ್ಕಿಂತ ದೊಡ್ಡ ಸಂತೋಷ.

2017ರಲ್ಲಿ ಇನ್ನೊಂದು ಆಟ ನೋಡಿದಿರಿ. ಒಂದು ಕಡೆ ರಾಮನಾಥ ಕೋವಿಂದ್, ಇನ್ನೊಂದು ಕಡೆ ಮೀರಾ ಕುಮಾರ್. ಇಬ್ಬರೂ ದಲಿತರು. ಮೀರಾ ಕುಮಾರ್ ಯಾರು? ಜಗಜೀವನರಾಮ್ ಅವರ ಮಗಳು. ಅಪ್ಪನ ಹೆಸರು ಬಿದ್ದುಹೋದ 48 ವರ್ಷಕ್ಕೆ ಮಗಳ ಹೆಸರು ಬಂತು, ಅದೂ ಸೋಲುವುದು ಗೊತ್ತಿದ್ದ ಚುನಾವಣೆಯಲ್ಲಿ. ಕೋವಿಂದ್ ಗೆದ್ದರು. 2022ರಲ್ಲಿ ಆದಿವಾಸಿ ಹೆಣ್ಣುಮಗಳು ದ್ರೌಪದಿ ಮುರ್ಮು ರಾಷ್ಟ್ರಪತಿಯಾದರು. 1969ರಲ್ಲಿ ಒಂದು ಬೋರ್ಡು ಒಪ್ಪದಿದ್ದ ಹುಟ್ಟಿನ ಮೇಲೆ ಈಗ ಪಕ್ಷಗಳು ಪೈಪೋಟಿ ಮಾಡುತ್ತವೆ. ನಮ್ಮ ವೋಟಿಗೆ ಬೆಲೆ ಬಂದಿದೆ ಅಂತ ಅದರ ಅರ್ಥ. ನಮ್ಮ ಮಾತಿಗೆ ಬೆಲೆ ಬಂದಿದೆ ಅಂತ ಅರ್ಥ ಮಾಡಿಕೊಳ್ಳುವುದಕ್ಕೆ ಇನ್ನೂ ಹೊತ್ತಿದೆ.

ವೋಟಿನ ಬೆಲೆ ಅಂದೆವಲ್ಲ, ಅದನ್ನೂ ತಿಳಿದುಕೊಳ್ಳಿ, ಪರೀಕ್ಷೆಗೂ ಬರುತ್ತೆ. ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ರಾಜ್ಯದ ಒಬ್ಬ ಶಾಸಕನ ವೋಟಿಗೆ 131 ಬೆಲೆ. 1971ರ ಜನಗಣತಿಯ ಜನಸಂಖ್ಯೆ 2 ಕೋಟಿ 93 ಲಕ್ಷವನ್ನು 224 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿದರೆ ಬರುವ ಲೆಕ್ಕ ಅದು. ಮಂಡ್ಯದ ಶಾಸಕನಿಗೂ 131, ಮದ್ದೂರಿನ ಶಾಸಕನಿಗೂ 131, ಮೀಸಲು ಕ್ಷೇತ್ರವಾದ ಮಳವಳ್ಳಿಯ ಶಾಸಕನಿಗೂ 131. ನೀವು ಯಾರೂ ಹುಟ್ಟುವುದಕ್ಕೆ ಮುಂಚಿನ ತಲೆ ಎಣಿಕೆ. ಆ 131ರಲ್ಲಿ ನಿಮ್ಮ ಅಜ್ಜ ಅಜ್ಜಿ ಇದ್ದಾರೆ. ಅವರ ಪರವಾಗಿ ವೋಟು ಹಾಕುವವನನ್ನು ಆರಿಸುವವರು ನೀವು.

ಈಗ ಕೊನೆಯ ಮಾತು. ಮಳವಳ್ಳಿಯಲ್ಲಿ ಮಾತು ಮುಗಿದ ಮೇಲೆ ಒಬ್ಬ ಹುಡುಗ ಉಳಿದುಕೊಂಡ. ಎಲ್ಲರ ಮುಂದೆ ಹೇಳಲು ನಾಚಿಕೆ. ಹೇಳಿದ: 'ಅಣ್ಣ, ನಮ್ಮವ್ವ ಪಂಚಾಯ್ತಿ ಅಧ್ಯಕ್ಷೆ. ಮೀಸಲಾತಿ ಬಂತು, ಊರೋರೇ ನಿಲ್ಸಿದ್ರು. ಚೆಕ್ಕಿಗೆ ಸೈನು ಹಾಕ್ಸೋಕೆ ಗೌಡ್ರ ಮನೆಗೆ ಕರೀತಾರೆ. ಅವ್ವ ಜಗಲಿ ಕೆಳಗೆ ನಿಂತ್ಕೊಂಡು ಹಾಕ್ತಾಳೆ. ಏನಕ್ಕೆ ಅಂತ ಗೊತ್ತಿಲ್ಲ. ನೀವು ದಿಲ್ಲಿ ಕುರ್ಚಿ ಕಥೆ ಹೇಳಿದ್ರಿ. ನಮ್ಮವ್ವಂಗೆ ಕುರ್ಚಿ ಐತೆ, ಕೂತ್ಕೊಳಕ್ಕಿಲ್ಲ.'

ನಾವು ಎರಡು ಗಂಟೆ ಆಡಿದ ಮಾತನ್ನು ಅವನು ಒಂದು ನಿಮಿಷದಲ್ಲಿ ಹೇಳಿದ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ತಂತಿ ಹೋದದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ತಂತಿಯ ಕೆಳಗಿನ ಹಳ್ಳಿಗಳು ಎಷ್ಟೋ ಕಾಲ ಬುಡ್ಡಿ ದೀಪದಲ್ಲೇ ಇದ್ದವು. ಕುರ್ಚಿ ನಮ್ಮ ಹೆಸರಲ್ಲಿ ಹುಟ್ಟಿ ಅಧಿಕಾರ ಬೇರೆ ಕಡೆಗೆ ಹೋಗುವುದು ಹೀಗೆಯೇ. ತಂತಿ ನಮ್ಮ ತಲೆಯ ಮೇಲೇ ಹೋಗುತ್ತದೆ, ದೀಪ ನಮ್ಮ ಮನೆಯಲ್ಲಿ ಹತ್ತುವುದಿಲ್ಲ.

ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಈ ಶನಿವಾರ ಊರಿಗೆ ಹೋಗು. ನಿನ್ನ ಅವ್ವನ ಜೊತೆ ಕೂತು ನಡವಳಿ ಪುಸ್ತಕ, ಚೆಕ್ಕಿನ ಹಿಂದಿನ ಬಿಲ್ಲು, ಕ್ರಿಯಾ ಯೋಜನೆ ಇವು ಏನು ಅಂತ ಓದಿ ಹೇಳು. ಮುಂದಿನ ಸಲ ಗೌಡರ ಮನೆಯಿಂದ ಕರೆ ಬಂದರೆ, 'ಕಡತ ಪಂಚಾಯ್ತಿ ಆಫೀಸಿಗೆ ತನ್ನಿ, ಕುರ್ಚಿ ಅಲ್ಲಿದೆ, ಓದಿ ಹಾಕ್ತೀನಿ' ಅಂತ ಅವ್ವ ಹೇಳಲಿ. ಒಬ್ಬಳೇ ಹೇಳಿದರೆ ಹೆದರಿಸುತ್ತಾರೆ. ಅದಕ್ಕೆ ನೀನು ಒಬ್ಬನೇ ಹೋಗಬೇಡ. ಹಾಸ್ಟೆಲಿನಿಂದ ನಾಲ್ಕು ಜನ ಹೋಗಿ. ನಾವೂ ಬರುತ್ತೇವೆ.

ಗೆಳೆಯರೇ, ನಮ್ಮ ತಾತಂದಿರು ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಏನು ಬರೆದಿದೆ ಅಂತ ಗೊತ್ತಿರಲಿಲ್ಲ, ಮೂರು ತಲೆಮಾರು ಜೀತ ಮಾಡಿದರು. ನಮ್ಮ ಅಪ್ಪಂದಿರು ಹೆಸರು ಬರೆಯಲು ಕಲಿತರು. ನೀವು ಓದಲು ಕಲಿತಿದ್ದೀರಿ. 1969ರ ಕುರ್ಚಿ ಹೋಯಿತು, ಅದನ್ನು ಯಾರೂ ವಾಪಸ್ಸು ತರಲಾರರು. ಆ ಊರಿನ ಪಂಚಾಯಿತಿಯಲ್ಲಿ ಖಾಲಿ ಇರುವ ಕುರ್ಚಿ ಇನ್ನೂ ಅಲ್ಲೇ ಇದೆ. ಶನಿವಾರ ಬೆಳಿಗ್ಗೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ.

ಜೈ ಭೀಮ್.